ಬೆಳಕಿಗೆ ಹಿಡಿಯದ ನೋಟು

ದೀಪ ಆರಿಸಿದ ಮೇಲೂ ಆ ನೀಲಿ ಕಣ್ಣಿನಿಂದ ಹೋಗಲಿಲ್ಲ. ಕಪ್ಪು ಪೆಟ್ಟಿಗೆಗೆ ಇಳಿಬಿಟ್ಟ ಪರದೆಯೊಳಗೆ ತಲೆ ತೂರಿಸಿ ಕೂತಿದ್ದವಳು ಹಾಗೆಯೇ ಕೂತಿದ್ದಳು. ತಲೆ ಹೊರಗೆ ತೆಗೆದರೆ ಮುಖ ನೋಡಿದವರಿಗೆಲ್ಲ ಗೊತ್ತಾಗಿಬಿಡುತ್ತದೆ ಅನ್ನಿಸಿತು. ಈ ನೇರಳೆ ದೀಪದ ಕೆಳಗೆ ಒಳ್ಳೆಯ ನೋಟು ಮಂಕಾಗಿ ಬಿದ್ದಿರಬೇಕು, ಅಲ್ಲೊಂದು ಇಲ್ಲೊಂದು ಸಣ್ಣ ಎಳೆ ಮಾತ್ರ ಮಿನುಗಬೇಕು. ಪೇಟೆಯಲ್ಲಿ ಸಿಗುವ ಬಿಳಿ ಕಾಗದದ ಮೇಲೆ ಯಾರೋ ಅಚ್ಚು ಹಾಕಿದ್ದಾದರೆ ಇಡೀ ಹಾಳೆ ಹೊಳೆಯುತ್ತದೆ. ಇದು ಹೊಳೆದಿತ್ತು, ಅಂಚಿನಿಂದ ಅಂಚಿಗೆ, ನಾಚಿಕೆಯಿಲ್ಲದೆ. ನೋಟು ತಂದವನು ಅವಳ ತಮ್ಮ.

ಬೇರೆ ಯಾರದ್ದಾದರೂ ಆಗಿದ್ದರೆ ಇನ್ನೊಂದಿಷ್ಟು ತಿರುವಿ ಮುರುವಿ ನೋಡಿ, ‘ಇದು ಕವರಿಗೆ’ ಎಂದು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಚಲಾವಣೆ ನಿಂತುಹೋದ ಹಳೆಯ ನೋಟುಗಳನ್ನು ಕೂಡಿಡುವ ಹುಚ್ಚಿನವರಿಗಾಗಿಯೇ ಇರುವ ಅಂಗಡಿ ಇದು; ಇಲ್ಲಿ ಅವಳದು ಪರೀಕ್ಷೆಯ ಮೇಜು. ಅವಳು ಸರಿ ಅಂದದ್ದು ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿ ಹರಾಜಿಗೆ ಹೋಗುತ್ತದೆ. ಅಲ್ಲ ಅಂದದ್ದು ತಂದವನ ಕೈಗೆ ವಾಪಸ್ಸು ಹೋಗುವುದಿಲ್ಲ. ಪಕ್ಕದ ಬೀದಿಯ ಅಂಗಡಿಯವನು ಒಂದು ಖೋಟಾ ನೋಟನ್ನು ದಾಕ್ಷಿಣ್ಯಕ್ಕೆ ಮರಳಿಸಿ, ಆಮೇಲೆ ಅದು ಇನ್ನೆಲ್ಲೋ ಸಿಕ್ಕಿ, ಅವನು ಠಾಣೆಗೆ ಅಲೆದು ಚಪ್ಪಲಿ ಸವೆಸಿದ ಮೇಲೆ ಯಜಮಾನರು ಹೆದರಿ ಈ ಪದ್ಧತಿ ತಂದಿದ್ದರು: ಖೋಟಾ ನೋಟು ಕವರಿಗೆ, ಕವರಿಗೆ ಅರಗಿನ ಮುದ್ರೆ, ತಂದವನ ಹೆಸರು ಠಾಣೆಗೆ. ‘ನಮಗ್ಯಾಕಮ್ಮ ಊರ ಉಸಾಬರಿ’ ಅಂದಿದ್ದರು. ಅವಳೂ ತಲೆಯಾಡಿಸಿದ್ದಳು. ತಲೆಯಾಡಿಸುವುದಕ್ಕೆ ಏನು ಖರ್ಚು, ಆಗ ತಂದವನ ಹೆಸರು ಅಂದರೆ ಯಾರದೋ ಹೆಸರು.

‘ಅಕ್ಕಾ, ಒಳಗೇ ನಿದ್ದೆ ಹೋದ್ರಾ ಹೇಗೆ?’ ಪ್ಯಾಕಿಂಗ್ ಮೇಜಿನಿಂದ ಗೋಂದು ಕೇಳಿದ. ಬೆರಳಿಗೆ ಯಾವಾಗಲೂ ಅಂಟು ಮೆತ್ತಿಕೊಂಡಿರುವುದರಿಂದ ಅವನಿಗೆ ಆ ಹೆಸರು. ಮೊಮ್ಮಕ್ಕಳನ್ನು ಕಂಡ ಮನುಷ್ಯ, ಆದರೂ ಅಂಗಡಿಯ ಹೆಂಗಸರೆಲ್ಲ ಅವನಿಗೆ ಅಕ್ಕಂದಿರೇ. ಅವಳು ತಲೆ ಹೊರಗೆ ತೆಗೆದು, ಯಾಕೋ ತಲೆನೋವು ಅಂದಳು. ‘ಆ ದೀಪದ ಸಹವಾಸ ಕಣ್ಣಿಗೆ ಒಳ್ಳೇದಲ್ಲ’ ಅಂದ ಗೋಂದು, ಕತ್ತರಿಯನ್ನು ಪ್ಯಾಂಟಿಗೆ ಒರೆಸುತ್ತ. ‘ತಮ್ಮನದು ನೋಡಿಯಾಯ್ತಾ? ಪಾಪ, ಬೆಳಿಗ್ಗೆ ಎಷ್ಟು ಖುಷಿಯಾಗಿದ್ದ. ನಂಗೂ ಒಂದು ಟೀ ಕೊಡಿಸ್ತೀನಿ ಅಂದಿದ್ದಾನೆ, ಬರೆದಿಟ್ಕೊಂಡಿದ್ದೀನಿ.’ ‘ಇನ್ನೂ ಇಲ್ಲ’ ಅಂದಳು. ಎಷ್ಟು ಸಲೀಸಾಗಿ ಬಾಯಿಗೆ ಬಂತು ಎಂದು ಅವಳಿಗೇ ಭಯವಾಯಿತು. ನೋಟನ್ನು ಉಳಿದ ನೋಟುಗಳ ಅಡಿಗೆ ಸರಿಸಿದಳು, ಆಮೇಲೆ ಹಾಗೆ ಸರಿಸಿದ್ದನ್ನು ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದಳು, ಆಮೇಲೆ ಸುತ್ತ ನೋಡಿದ್ದಕ್ಕೇ ಅನುಮಾನ ಬಂದಿರಬಹುದೆಂದು ಒಂದು ಪೆನ್ನು ಎತ್ತಿಕೊಂಡು ಅದರ ಮುಚ್ಚಳ ತೆಗೆದು ಹಾಕಿ ಮಾಡಿದಳು.

ತಮ್ಮ ಬೆಳಿಗ್ಗೆ ನೇರವಾಗಿ ಅವಳ ಮೇಜಿಗೆ ಬರಬಹುದಿತ್ತು. ಬರಲಿಲ್ಲ, ಎಲ್ಲರ ಹಾಗೆ ಕೌಂಟರಿನ ಸಾಲಿನಲ್ಲಿ ನಿಂತ. ‘ನಾಳೆ ನಿಂಗೊಂದು ಮಾತು ಬರಬಾರ್ದು ಅಕ್ಕ’ ಅಂದ. ಆಗ ಅದು ಎಷ್ಟು ಹಿತವೆನಿಸಿತ್ತು. ಈಗ ಅದೇ ಮಾತಿನೊಳಗೆ ಕೈಹಾಕಿ ತಡಕಿದರೆ ಬೇರೆಯದೇ ಏನೋ ಸಿಕ್ಕುತ್ತಿತ್ತು. ಯಾಕೆ ಸಾಲಿನಲ್ಲಿ ನಿಂತ? ಯಾಕೆ ಅಷ್ಟು ನಗುತ್ತಿದ್ದ? ‘ಅಪ್ಪನ ಆಲ್ಬಮ್‌ದು. ನಿನ್ನೆ ನೀನಿಲ್ದಾಗ ಮನೆಗೆ ಹೋಗಿದ್ದೆ, ಅಮ್ಮನೇ ತೆಗೆದುಕೊಟ್ಳು’ ಅಂದಿದ್ದ. ಕೆಲಸಕ್ಕಿದ್ದ ಮುದ್ರಣಾಲಯ ಮುಚ್ಚಿದ ಮೇಲೆ ಅವನು ಹೆಂಡತಿಯ ಅಣ್ಣಂದಿರ ಎದುರು ತಲೆಯೆತ್ತಿ ಕೂತದ್ದಿಲ್ಲ. ಈ ನೋಟು ಹರಾಜಾದರೆ ಒಂದು ಹಳೆಯ ಕಟಿಂಗ್ ಮೆಷೀನು ತೆಗೆದುಕೊಂಡು ಸ್ವಂತಕ್ಕೆ ಏನಾದರೂ ಮಾಡುತ್ತಾನಂತೆ. ಮುದ್ರಣಾಲಯ. ಅಲ್ಲಿ ಅವನದು ಅಚ್ಚಿನ ಪ್ಲೇಟು ಮಾಡುವ ಕೆಲಸ. ಆ ಪದ ನೆನಪಿಗೆ ಬಂದದ್ದೇ ಅವಳು ನೋಟನ್ನು ಮತ್ತೆ ಅಡಿಯಿಂದ ಎಳೆದುಕೊಂಡಳು.

ಮೇಜಿನ ಕೆಳಗೆ, ಮಡಿಲಿನಲ್ಲಿ ಇಟ್ಟುಕೊಂಡು ನೋಟಿನ ಅಂಕಿಗಳ ಮೇಲೆ ಹೆಬ್ಬೆರಳಾಡಿಸಿದಳು. ಒಳ್ಳೆಯ ನೋಟಿನ ಮಸಿ ಕಾಗದದ ಮೇಲೆ ಎದ್ದು ನಿಂತಿರುತ್ತದೆ, ಉಗುರಿಗೆ ತಡೆಯುತ್ತದೆ. ಅಪ್ಪ ಅವರಿಬ್ಬರನ್ನೂ ಕಣ್ಣು ಮುಚ್ಚಿಸಿ ಕೂರಿಸಿ ಬೆರಳಲ್ಲೇ ಅಂಕಿ ಓದಿಸುತ್ತಿದ್ದ, ತಮ್ಮ ಯಾವಾಗಲೂ ಕಣ್ಣು ಬಿಟ್ಟು ಮೋಸ ಮಾಡುತ್ತಿದ್ದ. ಇದು ನುಣ್ಣಗಿತ್ತು. ಬೆರಳು ಎಲ್ಲೂ ನಿಲ್ಲದೆ ಜಾರಿಹೋಯಿತು. ಬೆರಳನ್ನು ಮೂಗಿಗೆ ಹಿಡಿದರೆ ಸೋಪಿನ ಪುಡಿಯ ವಾಸನೆ. ಅದು ಬಿಡು, ತನ್ನ ಕೈಯದೇ. ಮನೆಯಲ್ಲಿ ಯಾವುದಕ್ಕೆ ಆ ವಾಸನೆ ಇಲ್ಲ. ಅಪ್ಪ ಹೋದಾಗಿನಿಂದ ಅಮ್ಮನಿಗೆ ಎಲ್ಲದರ ಮೇಲೂ ಕೊಳೆ ಕಾಣುತ್ತದೆ. ಬೀಗದ ಕೈ ತೊಳೆಯುತ್ತಾಳೆ, ಚಪ್ಪಲಿಯ ಅಡಿ ತೊಳೆಯುತ್ತಾಳೆ, ಸ್ವಿಚ್ಚಿಗೆ ಒದ್ದೆ ಬಟ್ಟೆ ಹಿಡಿದು ಒಮ್ಮೆ ಶಾಕ್ ಹೊಡೆಸಿಕೊಂಡು, ‘ನೋಡು, ಅದರಲ್ಲೂ ಎಷ್ಟು ಕೊಳೆ ಇತ್ತು’ ಅಂದಿದ್ದಳು. ಅಂಗಡಿಯಲ್ಲಿ ಊಟದ ಡಬ್ಬಿ ತೆರೆದರೆ ಅನ್ನಕ್ಕಿಂತ ಮೊದಲು ಸೋಪು ಮೂಗಿಗೆ ಬಡಿಯುತ್ತದೆ.

ಆದರೆ ಅವಳನ್ನು ನಿಜಕ್ಕೂ ತಣ್ಣಗಾಗಿಸಿದ್ದು ಹೊಳಪೂ ಅಲ್ಲ, ನುಣುಪೂ ಅಲ್ಲ. ಅಪ್ಪನ ನೋಟಿನ ಮೂಲೆಯಲ್ಲಿ ಒಂದು ಕಂದು ಕಲೆ ಇತ್ತು. ತಮ್ಮ ಇನ್ನೂ ಚಡ್ಡಿಯಲ್ಲಿದ್ದಾಗ ಮೊಣಕೈ ತಗುಲಿಸಿ ಅಪ್ಪನ ಟೀ ಚೆಲ್ಲಿದ್ದ. ಈಗ ಬೀಳುತ್ತದೆ ಏಟು ಎಂದು ಅವನು ಅವಳ ಲಂಗದ ಹಿಂದೆ ಅಡಗಿದರೆ, ಅಪ್ಪ ನೋಟನ್ನು ಒತ್ತಿ ಒರೆಸಿ, ‘ಹೋಗ್ಲಿ ಬಿಡು, ಇನ್ನು ಮೇಲೆ ಇದು ನಮ್ಮನೇದು ಅಂತ ಎಲ್ಲಿದ್ರೂ ಗೊತ್ತಾಗುತ್ತೆ’ ಅಂದಿದ್ದ. ನಂಬರು ಬರೆದಿಡುವ ಮನುಷ್ಯನಲ್ಲ ಅವನು; ಆ ಕಲೆಯೇ ಅವನ ನಂಬರು. ಭಾನುವಾರ ಬೆಳಿಗ್ಗೆ ಕಿಟಕಿಗೆ ಆ ನೋಟು ಹಿಡಿದು, ಖಾಲಿ ಕಾಣುವ ಬಿಳಿ ಜಾಗದೊಳಗಿಂದ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ ಮೂಡುವುದನ್ನು ಇಬ್ಬರಿಗೂ ತೋರಿಸುತ್ತಿದ್ದ. ಅಚ್ಚು ಹಾಕಿದ್ದಲ್ಲ ಅದು, ಕಾಗದ ಮಾಡುವಾಗಲೇ ಅದರ ಮೈಯೊಳಗೆ ಕೂಡಿಸಿದ್ದು, ಯಾವನ ಅಪ್ಪನಿಗೂ ಆಮೇಲೆ ಹಾಕೋಕಾಗಲ್ಲ ಅನ್ನುತ್ತಿದ್ದ. ಈಗ ಮಡಿಲಲ್ಲಿರುವ ನೋಟಿನ ಮೂಲೆ ಬೆಳ್ಳಗಿತ್ತು. ಅಂದರೆ ಇದು ಅಪ್ಪನದಲ್ಲ. ಅಪ್ಪನದು ಎಲ್ಲಿ ಹೋಯಿತು? ಯಾರಿಗೆ ಮಾರಿದ? ಒಂದನ್ನು ಮಾರಿ, ಅದರ ನಕಲನ್ನು ಇಲ್ಲಿ ತಂದು, ಅಕ್ಕ ಇದ್ದಾಳೆ, ಕಣ್ಣು ಮುಚ್ಚಿ ಸಹಿ ಹಾಕುತ್ತಾಳೆ ಎಂದುಕೊಂಡನೆ?

ಕಿಟಕಿ ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು. ಎದ್ದು ಹೋಗಿ ನೋಟನ್ನು ಎತ್ತಿ ಹಿಡಿದರೆ ಮುಗಿಯಿತು. ಶನಿವಾರ ಹೊಸದಾಗಿ ನೋಟು ಕೂಡಿಡಲು ಶುರುಮಾಡಿದವರಿಗೆ ಅವಳೇ ಪಾಠ ಹೇಳುತ್ತಾಳೆ: ಒಂದೇ ಗುರುತು ನೋಡಿ ತೀರ್ಮಾನ ಮಾಡಬೇಡಿ, ಮೊದಲು ಬೆಳಕಿಗೆ ಹಿಡಿಯಿರಿ, ಒಳಗಿನ ಚಿತ್ರ ನೋಡಿ, ದಾರ ನೋಡಿ, ಆಮೇಲೆ ಭೂತಗನ್ನಡಿಯಲ್ಲಿ ಸಣ್ಣಕ್ಷರ, ಆಮೇಲೆ ಬೆರಳು, ದೀಪ ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ದೀಪ ಅವಸರದವರ ಕೆಲಸ. ಇವತ್ತು ಅವಳು ದೀಪದಿಂದಲೇ ಶುರು ಮಾಡಿದ್ದಳು. ತಮ್ಮನ ನೋಟು ಕೈಗೆ ಬಂದ ಕೂಡಲೇ ಯಾಕೋ ಪರದೆಯೊಳಗೆ ಹೋಗಬೇಕೆನಿಸಿತ್ತು, ಯಾರೂ ನೋಡದ ಕಡೆ. ಅಂದರೆ ಹೊಳೆಯುವ ಮೊದಲೇ ತನಗೆ ಅನುಮಾನವಿತ್ತೆ? ಆ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿದಳು. ಕಿಟಕಿಯ ಹತ್ತಿರ ಹೋದಳು ಕೂಡ. ನೋಟು ಕೈಯಲ್ಲೇ ಇತ್ತು. ಕೆಳಗೆ ಬೀದಿಯಲ್ಲಿ ಒಬ್ಬ ಸೈಕಲ್ಲಿನ ಚೈನು ಸರಿಮಾಡಿಕೊಳ್ಳುತ್ತಿದ್ದ, ಅವನ ಕೈ ಕಪ್ಪಾಗಿತ್ತು, ಅವನು ಹಣೆ ಒರೆಸಿಕೊಂಡು ಹಣೆಯನ್ನೂ ಕಪ್ಪು ಮಾಡಿಕೊಂಡ. ಅವಳ ಕೈ ಮೇಲೇಳಲಿಲ್ಲ. ಎತ್ತಿ ಹಿಡಿದು ಕೊಕ್ಕರೆ ಕಾಣದಿದ್ದರೆ ಇನ್ನು ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಹಿಡಿಯದಿದ್ದರೆ ಇನ್ನೂ ಒಂದಿಷ್ಟು ಇರುತ್ತದೆ. ಗೋಂದು ಈ ಕಡೆ ನೋಡಿದ. ಅವಳು ಕಿಟಕಿಯ ಚಿಲಕ ಸರಿಯಾಗಿದೆಯೇ ಎಂದು ನೋಡಲು ಬಂದವಳ ಹಾಗೆ ಚಿಲಕ ಮುಟ್ಟಿ ಬಂದು ಕೂತಳು.

ಒಂದು ಸಲ ಶುರುವಾದರೆ ಮನಸ್ಸು ಎಲ್ಲಿಂದೆಲ್ಲಿಗೋ ಹೋಗಿ ಸಾಕ್ಷಿ ತರುತ್ತದೆ. ಶಾಲೆಯ ಮಾರ್ಕ್ಸ್ ಕಾರ್ಡಿನ ಮೇಲೆ ಅಪ್ಪನ ಸಹಿ ಹಾಕಿದ್ದ ತಮ್ಮ. ಹತ್ತು ವರ್ಷದವನು. ಅಪ್ಪನ ಸಹಿಯ ಕೊನೆಯ ಬಾಲ, ಅದರ ಕೆಳಗಿನ ಎರಡು ಚುಕ್ಕಿ, ಪೆನ್ನು ಒತ್ತುವ ಭಾರ, ಎಲ್ಲ ಹಾಗೇ. ಟೀಚರಿಗೆ ಗೊತ್ತೇ ಆಗಲಿಲ್ಲ. ಕೈಯೊಳಗಿರುವ ಗುಣ ಎಲ್ಲಿಗೆ ಹೋಗುತ್ತದೆ? ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಕನ್ನಡಿಯಲ್ಲಿ ಅವನದೇ ಮೂಗು, ಅವನದೇ ಗಲ್ಲ. ಒಂದೇ ಮೂಗಿನ ಅಕ್ಕತಮ್ಮ ಎಂದು ನೆಂಟರು ನಗುತ್ತಿದ್ದರು. ನಾಳೆ ಇನ್ನೊಂದು ರೀತಿಯಲ್ಲಿ ನಗುತ್ತಾರೆ: ತಮ್ಮ ಮಾಡುವುದು, ಅಕ್ಕ ಪಾಸು ಮಾಡುವುದು, ಮನೆಯೊಳಗೇ ಕಾರ್ಖಾನೆ. ಇದುವರೆಗೆ ಅವಳು ಸಹಿ ಹಾಕಿದ ಪ್ರತಿಯೊಂದು ನೋಟನ್ನೂ ಜನ ವಾಪಸ್ಸು ತರುತ್ತಾರೆ.

‘ಏನಮ್ಮ, ತಮ್ಮನದು ಹಾಗೇ ಇಟ್ಕೊಂಡಿದ್ದೀರಂತೆ?’ ಯಜಮಾನರು ತಮ್ಮ ಕೋಣೆಗೆ ಕರೆಸಿ ಕೇಳಿದರು. ಅಂತೆ ಅಂದರೆ ಯಾರು ಹೇಳಿದರು? ಗೋಂದು ಹೇಳಿದನೆ?

‘ನೋಡ್ತಾ ಇದ್ದೀನಿ ಸಾರ್.’

‘ಅಲ್ಲ, ನಿಮಗೆ ಮುಜುಗರ ಅನ್ನೋದಾದ್ರೆ ಹೇಳಿ. ಮನೆಯೋರದ್ದು ಮನೆಯೋರೇ ನೋಡೋದು ಕಷ್ಟ. ಬೇರೆ ಪರೀಕ್ಷಕರಿದ್ದಾರೆ, ಅವರ ಹತ್ರ ಕಳಿಸ್ತೀನಿ, ಇನ್ನೊಂದು ವಾರದಲ್ಲಿ ಬರುತ್ತೆ.’

ಅವರು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಕಣ್ಣಿಗೆ ಪೊರೆ ಬಂದ ಮೇಲೆ ಅವರ ಮುಖವೇ ಮೆತ್ತಗಾಗಿತ್ತು, ಎದುರಿಗಿದ್ದವರನ್ನು ಮಗುವನ್ನು ನೋಡುವ ಹಾಗೆ ನೋಡುತ್ತಿದ್ದರು. ಆದರೆ ಅವಳಿಗೆ ಕೇಳಿಸಿದ್ದು ಬೇರೆ. ಬೇರೆ ಪರೀಕ್ಷಕ ನೋಡುತ್ತಾನೆ, ದೀಪ ಹಾಕುತ್ತಾನೆ, ಇಡೀ ಹಾಳೆ ಹೊಳೆಯುತ್ತದೆ, ಬೆಳಿಗ್ಗೆಯಿಂದ ಇಟ್ಟುಕೊಂಡು ಕೂತವಳಿಗೆ ಇದು ಕಾಣಲಿಲ್ಲವೇ ಎಂದು ಕೇಳುತ್ತಾನೆ. ಆ ಕ್ಷಣ ಅವಳಿಗೆ ತಮ್ಮ ಕಾಣಲಿಲ್ಲ, ತಾನೊಬ್ಬಳೇ ಕಂಡಳು.

‘ಬೇಡ ಸಾರ್’ ಅಂದಳು. ‘ಅದು ಸರಿಯಿಲ್ಲ.’

‘ಸರಿಯಿಲ್ಲ ಅಂದ್ರೆ?’

‘ಖೋಟಾ. ದೀಪಕ್ಕೆ ಪೂರ್ತಿ ಹೊಳೀತು. ಉಬ್ಬು ಅಚ್ಚೂ ಇಲ್ಲ.’

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಬೆಳಕಿಗೆ ಹಿಡಿದ್ರಾ?’

‘ಹಿಡಿದೆ’ ಅಂದಳು. ‘ಒಳಗೇನೂ ಇಲ್ಲ.’

ಅವರು ಎದ್ದು ಬಂದು, ಮುಟ್ಟಲೋ ಬೇಡವೋ ಎಂದು ಅನುಮಾನಿಸಿ, ಅವಳ ಕುರ್ಚಿಯ ಬೆನ್ನು ತಟ್ಟಿದರು. ‘ಬೇರೆ ಯಾರಾಗಿದ್ರೂ ಹೊಟ್ಟೆಗೆ ಹಾಕ್ಕೊಂಡು ಸುಮ್ನಿರ್ತಿದ್ರು. ನಿಮ್ಮಂಥೋರು ಸಿಗಲ್ಲಮ್ಮ. ನೀವು ಹೇಳಿದ ಮೇಲೆ ನಾನು ನೋಡೋದೇನಿದೆ.’ ಗೋಂದುವನ್ನು ಕರೆದು ಅರಗು ಕಾಯಿಸಲು ಹೇಳಿದರು. ಗೋಂದು ಕವರಿನ ಬಾಯಿ ಅಂಟಿಸುವಾಗ ಅವಳ ಮುಖ ನೋಡಲಿಲ್ಲ. ಯಾವತ್ತೂ ಸೊಟ್ಟಗೆ ಅಂಟಿಸದವನು ಇವತ್ತು ಸೊಟ್ಟಗೆ ಅಂಟಿಸಿದ. ಕೆಂಪು ಅರಗು ಕವರಿನ ಮೇಲೆ ಬಿದ್ದು ಹರಡಿತು. ನೀವು ಮನೆಗೆ ಹೋಗಿ, ಮಿಕ್ಕಿದ್ದನ್ನ ನಾನು ನೋಡ್ಕೋತೀನಿ, ಅವನು ಬಂದಾಗ ನೀವಿಲ್ಲಿ ಇರೋದು ಬೇಡ ಎಂದು ಯಜಮಾನರು ಅಂದರು. ಅವಳು ಥ್ಯಾಂಕ್ಸ್ ಸಾರ್ ಅಂದಳು.

ಮಧ್ಯಾಹ್ನದ ಬಸ್ಸು ಖಾಲಿ ಇತ್ತು. ಕಿಟಕಿ ಪಕ್ಕ ಕೂತು, ಸರಿಯಾದದ್ದನ್ನೇ ಮಾಡಿದೆ ಎಂದು ಒಳಗೊಳಗೇ ಹೇಳಿಕೊಂಡಳು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಆ ಮಾತು ತುಂಡಾಗಿ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಎದುರು ಸೀಟಿನಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಚೀಲವನ್ನು ಅವುಚಿಕೊಂಡು ಅಳು ತಡೆದುಕೊಂಡು ಕೂತಿದ್ದಳು. ತಮ್ಮ ಸಹಿ ಹಾಕಿದ ಆ ಮಾರ್ಕ್ಸ್ ಕಾರ್ಡು ಅವನದಲ್ಲ, ಅಕ್ಕನದೇ ಆಗಿತ್ತು. ಗಣಿತದಲ್ಲಿ ಕೆಂಪು ಗೆರೆ ಬಿದ್ದದ್ದು ಅವಳಿಗೆ. ಅಪ್ಪನಿಗೆ ತೋರಿಸಲಾರದೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅತ್ತವಳು ಅವಳು. ‘ಅಳ್ಬೇಡ ಅಕ್ಕ, ಕೊಡು ಇಲ್ಲಿ’ ಎಂದು ಕಾರ್ಡು ಕಿತ್ತುಕೊಂಡು, ನಾಲಿಗೆ ಹೊರಗೆ ಚಾಚಿ ಸಹಿ ಹಾಕಿಕೊಟ್ಟವನು ಅವನು. ಬೆಳಿಗ್ಗೆ ಆ ನೆನಪು ಬಂದಾಗ ಇದು ಮಾತ್ರ ಎಲ್ಲಿ ಹೋಗಿತ್ತು? ಹುಡುಗಿ ತನ್ನನ್ನೇ ನೋಡುತ್ತಿದ್ದಾಳೆಂದು ಅವಳು ಮುಖ ತಿರುಗಿಸಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ಎಂದಿನ ಸೋಪಿನ ವಾಸನೆ, ಅದರ ಜೊತೆ ಇಸ್ತ್ರಿ ಪೆಟ್ಟಿಗೆ ಕಾದ ವಾಸನೆ. ನಡುಮನೆಯ ಉದ್ದಕ್ಕೂ ಕಿಟಕಿಯಿಂದ ಕಪಾಟಿನವರೆಗೆ ಹಗ್ಗ ಕಟ್ಟಿತ್ತು. ಬಟ್ಟೆ ಕ್ಲಿಪ್ಪು ಹಾಕಿ ಸಾಲಾಗಿ ನೇತುಹಾಕಿದ್ದನ್ನು ಅವಳು ಮೊದಲು ಕರವಸ್ತ್ರ ಅಂದುಕೊಂಡಳು. ಹಸಿರು, ಕೆನ್ನೀಲಿ, ಮಾಸಿದ ಕೆಂಪು. ಒಂದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೆಲದ ಮೇಲೆ ಅಪ್ಪನ ಆಲ್ಬಮ್ ಖಾಲಿಯಾಗಿ ಬಾಯ್ತೆರೆದು ಬಿದ್ದಿತ್ತು, ಪಕ್ಕದಲ್ಲಿ ನೊರೆ ತುಂಬಿದ ಬೋಗುಣಿ, ಅದರೊಳಗೆ ಇನ್ನೂ ಕೆಲವು ನೆನೆಯುತ್ತಿದ್ದವು. ಅಮ್ಮ ಮಣೆಯ ಮೇಲೆ ಕೂತು ಒಂದನ್ನು ಎರಡು ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತುತ್ತಿದ್ದಳು, ಭುಜದ ಭಾರವೆಲ್ಲ ಬಿಟ್ಟು.

‘ಇಷ್ಟು ಬೇಗ ಬಂದ್ಯಾ?’ ಅಮ್ಮ ಸಿಕ್ಕಿಬಿದ್ದವಳ ಹಾಗೆ ನಕ್ಕಳು. ‘ಎಲ್ಲ ಮುಗಿಸಿ ಆಲ್ಬಮ್‌ಗೆ ಜೋಡಿಸಿ ಆಮೇಲೆ ನಿಂಗೆ ತೋರಿಸೋಣ ಅಂತಿದ್ದೆ. ಎಷ್ಟು ಜನರ ಕೈ ಕೊಳೆ ಇದೆಯೇ ಇದ್ರಲ್ಲಿ. ನಿಮ್ಮಪ್ಪ ಇದನ್ನೆಲ್ಲ ಮುಟ್ಟಿ ಮುಟ್ಟಿ ಅದೇ ಕೈಲಿ ಊಟ ಮಾಡ್ತಿದ್ರು.’

‘ಅಮ್ಮ, ತಮ್ಮನಿಗೆ ಕೊಟ್ಟ ನೋಟು?’

‘ಅದೇ ಮೊದ್ಲು ಒಗೆದಿದ್ದು, ಬರ್ತೀನಿ ಅಂತ ಅವನು ಫೋನ್ ಮಾಡಿದ ಕೂಡ್ಲೆ. ಮಗು ಮಾರೋಕೆ ತಗೊಂಡು ಹೋಗೋದು, ಚೊಕ್ಕವಾಗಿರ್ಲಿ ಅಂತ. ಮೂಲೇಲಿ ಒಂದು ಟೀ ಕಲೆ ಇತ್ತು ನೋಡು, ಬಿಡ್ಲೇ ಇಲ್ಲ ಅದು. ಮೂರು ನೀರು ಬದಲಾಯಿಸಿ, ಹಳೇ ಬ್ರಷ್ ಇಟ್ಕೊಂಡು ಉಜ್ಜಿದೆ. ಅವನಿಗೆ ಹೇಳಿಲ್ಲ. ಹೇಳಿದ್ರೆ ಬೈತಾನೆ.’

ಸೋಪಿನ ಪುಡಿ. ಬಟ್ಟೆಯನ್ನು ಬೆಳ್ಳಗೆ ಕಾಣಿಸಲು ಅದರೊಳಗೆ ಹಾಕುವ ಪದಾರ್ಥವೇ ದೀಪದ ಕೆಳಗೆ ನೀಲಿಯಾಗಿ ಹೊಳೆಯುವುದು. ಜೇಬಿನಲ್ಲಿ ಮರೆತು ಒಗೆದ ನೋಟು ಒಳ್ಳೆಯದಾದರೂ ಹೊಳೆಯುತ್ತದೆ ಎಂದು ಅವಳು ಎಷ್ಟು ಶನಿವಾರ ಪಾಠ ಹೇಳಿಲ್ಲ. ಇಸ್ತ್ರಿಯ ಕಾವಿಗೂ ಭಾರಕ್ಕೂ ಉಬ್ಬಿದ ಮಸಿ ಮಲಗಿಬಿಡುತ್ತದೆ ಎಂದೂ ಹೇಳಿದ್ದಳು. ಎಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಒಂದೂ ಬೆಳಿಗ್ಗೆ ಹತ್ತಿರ ಸುಳಿಯಲಿಲ್ಲ. ಅವಳು ಹಗ್ಗದಿಂದ ಅದೇ ಬಗೆಯ ಒಂದು ನೋಟು ಬಿಡಿಸಿಕೊಂಡು ಕಿಟಕಿಗೆ ಹಿಡಿದಳು. ಒದ್ದೆ ಕಾಗದದೊಳಗಿಂದ, ಬಿಳಿ ಜಾಗದಲ್ಲಿ, ಒಂಟಿ ಕಾಲಿನ ಕೊಕ್ಕರೆ ಮೂಡಿತು. ಎಷ್ಟು ತೊಳೆದರೂ ಅದಕ್ಕೆ ಏನೂ ಆಗಿರಲಿಲ್ಲ.

ಫೋನು ಹೊಡೆದುಕೊಂಡಿತು.

‘ಅಕ್ಕ’ ತಮ್ಮ ತಗ್ಗಿದ ದನಿಯಲ್ಲಿ ಅಂದ. ‘ಅಂಗಡಿಗೆ ಬಾ ಅಂದ್ರು ಅಂತ ಬಂದೆ. ಇಲ್ಲಿ ಠಾಣೆಯಿಂದ ಯಾರೋ ಬಂದು ಕೂತಿದ್ದಾರೆ. ಅದು ಖೋಟಾ ಅಂತೆ, ನೀನೇ ಹೇಳಿದ್ಯಂತೆ. ಏನೋ ಅದಲು ಬದಲಾಗಿರ್ಬೇಕು ಅಂತ ನಾನು ಇವರಿಗೆ ಹೇಳ್ತಾನೇ ಇದ್ದೀನಿ. ನಮ್ಮಕ್ಕ ಬೆಳಕಿಗೆ ಹಿಡೀದೆ ಹಾಗೆಲ್ಲ ಹೇಳೋಳಲ್ಲ ಅಂತ. ಹಿಡಿದು ನೋಡಿದ್ಯಲ್ಲ ಅಕ್ಕ?’

ಅಮ್ಮ ಇಸ್ತ್ರಿಯನ್ನು ಎತ್ತಿ ನಿಲ್ಲಿಸಿ ಕಿವಿಗೊಟ್ಟಿದ್ದಳು. ‘ಅಕ್ಕ?’ ಅಂದ ತಮ್ಮ.

‘ಯಜಮಾನರಿಗೆ ಕೊಡು’ ಅಂದಳು.

‘ಹೇಳಿಯಮ್ಮ. ಹೆದರ್ಬೇಡಿ, ನಾವಿದ್ದೀವಿ’ ಅಂದರು ಯಜಮಾನರು.

‘ಸಾರ್, ನಾನು ಬೆಳಕಿಗೆ ಹಿಡೀಲಿಲ್ಲ. ಸುಳ್ಳು ಹೇಳಿದೆ.’ ತನ್ನದೇ ದನಿ ದೂರದಿಂದ ಕೇಳಿಸಿತು. ‘ಅಮ್ಮ ಅದನ್ನ ಸೋಪು ಹಾಕಿ ಒಗೆದಿದ್ದಾಳೆ, ಅದಕ್ಕೇ ಹೊಳೆದಿದ್ದು. ಕವರು ತೆಗೀರಿ. ಕಿಟಕಿಗೆ ಹಿಡೀರಿ ಸಾರ್. ನಿಮಗೆ ಕಾಣಲ್ಲ, ಅವನ ಕೈಗೇ ಕೊಡಿ. ಠಾಣೆಯವರೂ ಪಕ್ಕದಲ್ಲಿ ನಿಂತು ನೋಡ್ಲಿ.’

ಆ ಕಡೆ ಏನೋ ಗುಜುಗುಜು, ಫೋನು ಮೇಜಿನ ಮೇಲೆ ಇಟ್ಟ ಸದ್ದು. ಕುರ್ಚಿ ಎಳೆದದ್ದು ಕೇಳಿತು. ಅರಗು ಒಡೆದದ್ದು ಕೇಳಿತು. ಚಪ್ಪಲಿಗಳು ಕಿಟಕಿಯ ಕಡೆಗೆ ಹೋದವು. ಆಮೇಲೆ ಏನೂ ಇಲ್ಲ. ಎದುರಿಗೆ ಹಗ್ಗದ ಉದ್ದಕ್ಕೂ ಅಪ್ಪನ ನೋಟುಗಳು ತೂಗುತ್ತಿದ್ದವು, ಬೋಗುಣಿಯಲ್ಲಿ ನೊರೆ ಇಳಿಯುತ್ತಿತ್ತು, ಕಲೆ ಉಜ್ಜಿದ ಬ್ರಷ್ಷು ಅಮ್ಮನ ಕಾಲ ಬಳಿಯೇ ಇತ್ತು. ಇಷ್ಟೆಲ್ಲ ಕಣ್ಣಾರೆ ಕಂಡು, ಕಿವಿಯಾರೆ ಕೇಳಿಯೂ, ಆ ಒಂದು ನೋಟಿನೊಳಗೆ ಮಾತ್ರ ಕೊಕ್ಕರೆ ಇಲ್ಲದೇಹೋದರೆ ಎಂದು ಅವಳು ಹೆದರಿದಳು. ಅಂಥ ಹೆದರಿಕೆ ಈಗಲೂ ತನ್ನೊಳಗಿದೆಯೆಂದು ಗೊತ್ತಾಗಿ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

‘ಇದೆ’ ಅಂದ ತಮ್ಮ. ಅದು ಅವಳಿಗೆ ಹೇಳಿದ್ದಲ್ಲ. ‘ನೋಡಿ ಸಾರ್, ಇಲ್ಲಿ ಕಾಲು, ಇದು ಕೊಕ್ಕು. ಇದೆ.’

ಒಂದಿಷ್ಟು ಹೊತ್ತಿನ ಮೇಲೆ, ‘ಅಕ್ಕ ಇನ್ನೂ ಲೈನಲ್ಲಿದ್ದಾರೆ, ಮಾತಾಡಪ್ಪ’ ಎಂದು ಯಜಮಾನರು ಹೇಳುವುದು ಕೇಳಿಸಿತು.

‘ಬೇಡ ಸಾರ್’ ಅಂದ ಅವನು.